ಚಂದ್ರಮಹಲ್ ನವಿಲುಗಳೂ ನಮ್ಮ ಮನೆಯ ಬೆಡ್‌ಶೀಟುಗಳೂ

ಒಂದು ಕಟ್ಟಡದ ಫೋಟೊ ತೆಗೆಯುವುದರಲ್ಲಿ ಎಡವಟ್ಟಾಗಲು ಏನಿದೆ? ಕಟ್ಟಡ ಅಲುಗಾಡುವುದಿಲ್ಲ. ಕಣ್ಣು ಮಿಟುಕಿಸುವುದಿಲ್ಲ. "ಇದ್ರಲ್ಲಿ ದಪ್ಪ ಕಾಣ್ತೀನಿ, ಇನ್ನೊಂದು ತೆಗೀರಿ ಭಾವಾ" ಎನ್ನುವುದಿಲ್ಲ. ಮದುವೆಮನೆಗಳಲ್ಲಿ ನಾದಿನಿಯರ ಫೋಟೊ ತೆಗೆದು ಸಾಕಷ್ಟು ಬೈಸಿಕೊಂಡ ಮೇಲೆ, ಈ ಎಲ್ಲ ಸದ್ಗುಣಗಳನ್ನು ನೋಡಿಯೇ ನಾನು ಕಟ್ಟಡಗಳ ಕಡೆಗೆ ತಿರುಗಿದ್ದು.

ನನ್ನ ವೃತ್ತಿ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕಿಡುತ್ತೇನೆ. ಭಾನುವಾರಗಳಂದು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕಂಟೋನ್ಮೆಂಟಿನ ಹಳೆಯ ಟಾಕೀಸುಗಳನ್ನು ಹುಡುಕಿಕೊಂಡು ಹೋಗುತ್ತೇನೆ. ನಾನು ತಲುಪುವ ಹೊತ್ತಿಗೆ ಹೆಚ್ಚಿನವು ಇರುವುದಿಲ್ಲ. ಒಂದು ಕಡೆ ಬಟ್ಟೆ ಅಂಗಡಿಯಿರುತ್ತದೆ, ಇನ್ನೊಂದು ಕಡೆ ಹಸಿರು ಪರದೆ ಕಟ್ಟಿದ ಹಳ್ಳವಿರುತ್ತದೆ. ಹಳ್ಳದ ಫೋಟೊ ತೆಗೆದುಕೊಂಡು ಬರುತ್ತೇನೆ. ನನ್ನ ಹೆಂಡತಿ ಪಂಕಜಾ ಅದನ್ನೆಲ್ಲ ನೋಡಿ, "ಹಳ್ಳಗಳ ಆಲ್ಬಂ ಚೆನ್ನಾಗಿದೆ ರೀ" ಎಂದಿದ್ದಳು.

ಹಾಗಾಗಿ ಹಲಸೂರಿನ ಚಂದ್ರಮಹಲ್ ಟಾಕೀಸು ಇನ್ನೂ ನಿಂತಿದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಿನಿಮಾ ನಿಂತು ಎಷ್ಟೋ ವರ್ಷಗಳಾಗಿದ್ದವು. ಆದರೆ ಮುಂಭಾಗ ಹಾಗೇ ಇತ್ತು. ಎತ್ತರದಲ್ಲಿ ಗಾರೆಯಲ್ಲಿ ಮಾಡಿದ ಎರಡು ನವಿಲುಗಳು, ಎದುರುಬದುರಾಗಿ, ನಡುವೆ ಒಂದು ಚಂದ್ರ. ಬಲಗಡೆಯ ನವಿಲಿನ ಜುಟ್ಟು ಮುರಿದಿತ್ತು. ಉಳಿದದ್ದೆಲ್ಲ ಸರಿಯಿತ್ತು. ಸಂಜೆಯ ಬಿಸಿಲು ಬಿದ್ದಾಗ ಅವೆರಡೂ ಈಗ ತಾನೇ ಹಾರಿ ಬಂದು ಕುಳಿತಂತೆ ಕಾಣುತ್ತಿದ್ದವು. ನಾನು ರಸ್ತೆಯಲ್ಲಿ ನಿಂತು ನೋಡುತ್ತಲೇ ಇದ್ದೆ. ಆಟೊದವನು ಏನೋ ಹೇಳಿಕೊಂಡು ಹೋದ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮಾಲೀಕರು ಶಿವಾಜಿನಗರದ ಕರೀಂ ಸಾಹೇಬರು ಮತ್ತು ಅವರ ತಮ್ಮ ನವಾಜ್. ಒಳಗಿನ ಹಾಲ್ ಕೆಡವಿ ಅಂಗಡಿ ಮಳಿಗೆ ಕಟ್ಟುವುದೆಂದು ನಿರ್ಧಾರವಾಗಿತ್ತು. ಮುಂಭಾಗ ಉಳಿಸುವುದೋ, ಕೆಡವಿ ಗಾಡಿ ನಿಲ್ಲಿಸಲು ಜಾಗ ಮಾಡುವುದೋ ಎಂಬುದು ಮಾತ್ರ ಬಾಕಿ ಇತ್ತು. ಕರೀಂ ಸಾಹೇಬರಿಗೆ ಉಳಿಸುವ ಆಸೆ. ನವಾಜ್ ಭಾಯಿಯದು ಒಂದೇ ಪ್ರಶ್ನೆ.

"ನವಿಲು ನಮ್ಗೆ ಏನ್ ಕೊಡ್ತದೆ ಭಾಯ್?"

ಕರೀಂ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡಿ ಸಾರ್, ಸೋಮವಾರ ಮನೇಲಿ ಕೂತು ಫೈಸಲಾ ಮಾಡ್ತೀವಿ. ನೀವು ಒಂದು ಫಸ್ಟ್ ಕ್ಲಾಸ್ ಫೋಟೊ ತೆಗೀರಿ. ನಮ್ ತಮ್ಮ ದಿನಾ ನೋಡ್ತಾನೆ, ಅದಕ್ಕೇ ಅವನಿಗೆ ಕಾಣಲ್ಲ. ಫೋಟೊದಲ್ಲಿ ನೋಡಿದ್ರೆ ಕಾಣ್ತದೆ."

"ಸಾಹೇಬ್ರೇ, ಆ ನವಿಲುಗಳ ಜವಾಬ್ದಾರಿ ನಂದು" ಎಂದೆ. ಎದೆಯ ಮೇಲೆ ಕೈಯನ್ನೂ ಇಟ್ಟುಕೊಂಡೆ. ಯಾರೂ ಇಡಲು ಹೇಳಿರಲಿಲ್ಲ.

ಈಗ ತೊಡಕಿನ ವಿಷಯಕ್ಕೆ ಬರುತ್ತೇನೆ. ನವಿಲುಗಳ ಕೆಳಗೆ, ಹಿಂದೆ ಸಿನಿಮಾ ಪೋಸ್ಟರ್ ಹಾಕುತ್ತಿದ್ದ ದೊಡ್ಡ ತಗಡಿನ ಬೋರ್ಡಿತ್ತು. ಖಾಲಿ ಬೋರ್ಡನ್ನು ಕಂಡ ಯಾವುದೋ ದವಾಖಾನೆಯವರು ಯಾರನ್ನೂ ಕೇಳದೆ ಅದರ ತುಂಬ ಜಾಹೀರಾತು ಅಂಟಿಸಿಬಿಟ್ಟಿದ್ದರು. "ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಶಾಶ್ವತ ಪರಿಹಾರ!" ಪಕ್ಕದಲ್ಲಿ ಒಂದು ಕೆಂಪು ಬಾಣ. ದವಾಖಾನೆ ಪಕ್ಕದ ಕಟ್ಟಡದ ಮಹಡಿಯ ಮೇಲಿದೆ ಎಂದು ತಿಳಿಸಲು ಬಾಣ ಮೇಲಕ್ಕೆ ತೋರಿಸುತ್ತಿತ್ತು. ನೇರವಾಗಿ ಎಡಗಡೆಯ ನವಿಲಿನ ಬಾಲದ ಕಡೆಗೆ!

ಕಿತ್ತು ನೋಡಿದೆ. ಅಂಟು ಉತ್ತಮ ಗುಣಮಟ್ಟದ್ದು. ನನ್ನ ಉಗುರು ಬಂತು, ಜಾಹೀರಾತು ಬರಲಿಲ್ಲ.

"ಅದ್ಯಾಕೆ ಅಷ್ಟು ಒದ್ದಾಡ್ತೀರ? ಫೋಟೊ ತೆಗೆದ್ಮೇಲೆ ಫೋನಲ್ಲೇ ಅಳಿಸ್ಬಹುದಂತಲ್ಲ" ಎಂದಳು ಪಂಕಜಾ.

"ಇದು ದಾಖಲೆ, ಪಂಕಜಾ. ದಾಖಲೆಯಲ್ಲಿ ಇದ್ದದ್ದನ್ನು ಅಳಿಸಬಾರದು."

"ಮುಚ್ಚಬಹುದಾ?"

ಸ್ವಲ್ಪ ಹೊತ್ತು ಯೋಚಿಸಿದೆ. "ಮುಚ್ಚಬಹುದು" ಎಂದೆ.

ತನ್ನ ಮಾತಿನ ಪರಿಣಾಮ ಅವಳಿಗೆ ಆಗ ಗೊತ್ತಾಗಲಿಲ್ಲ. ಗೃಹಪ್ರವೇಶಕ್ಕೆ ಅವಳ ತವರಿನವರು ಕೊಟ್ಟಿದ್ದ ಎರಡು ಬಿಳಿ ಬೆಡ್‌ಶೀಟುಗಳು ಬೀರುವಿನಲ್ಲಿದ್ದವು. ಯಾರಾದರೂ ದೊಡ್ಡ ಮನುಷ್ಯರು ಬಂದಾಗ ಹಾಸಲೆಂದು ಇಟ್ಟಿದ್ದಳು. ನಮ್ಮ ಕಗ್ಗದಾಸಪುರದ ಮನೆಗೆ ದೊಡ್ಡ ಮನುಷ್ಯರು ಬಂದಿರಲಿಲ್ಲ. ಬರುವ ಸೂಚನೆಯೂ ಇರಲಿಲ್ಲ. ಎರಡನ್ನೂ ಸೇರಿಸಿ ನಾನೇ ಹೊಲಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಶನಿವಾರ ಟಾಕೀಸಿನ ಕಾವಲುಗಾರ ಏಳುಮಲೈ ಏಣಿ ಹಿಡಿದುಕೊಂಡ. ನಾನು ಹತ್ತಿ ಬೋರ್ಡಿಗೆ ಬಿಳಿ ಬಟ್ಟೆ ಹೊದಿಸಿದೆ. ಕಟ್ಟಲು ಸಿಕ್ಕಿದ್ದು ಕೆಂಪು ಹಗ್ಗ. ಭಾನುವಾರ ಕೆಲಸ ಮುಗಿದ ಮೇಲೆ ಮತ್ತೆ ಏಣಿ ಹತ್ತುವುದು ಬೇಡವೆಂದು ಹಗ್ಗದ ಒಂದು ತುದಿಯನ್ನು ಕೆಳಗಿನವರೆಗೆ ಇಳಿಬಿಟ್ಟೆ. ಎಳೆದರೆ ಸಾಕು, ಬಟ್ಟೆ ಬೀಳಬೇಕು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಆಮೇಲೆ ಬೈಕುಗಳ ಕಾಟ ತಪ್ಪಿಸಲು ಗೇಟಿನ ಪಕ್ಕ ಸುಂದರವಾದ ಅಕ್ಷರಗಳಲ್ಲಿ ಒಂದು ಫಲಕ ಬರೆದಿಟ್ಟೆ: "ನಾಳೆ ಸಂಜೆ ಇಲ್ಲಿ ವಾಹನ ನಿಲ್ಲಿಸಬೇಡಿ." ಏಳುಮಲೈ ಅಂಗಳ ಗುಡಿಸಿ, ನೀರು ಚಿಮುಕಿಸಿ, ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿದ.

ಓದುಗರು ಈಗ ಒಂದು ಕ್ಷಣ ನಿಂತು ನೋಡಬೇಕು. ಟಾಕೀಸಿನ ಮುಂದೆ ದೊಡ್ಡ ಬೋರ್ಡು. ಅದಕ್ಕೆ ಬಿಳಿ ಬಟ್ಟೆಯ ಮುಸುಕು. ಎಳೆಯಲು ಕೆಂಪು ಹಗ್ಗ. ಗುಡಿಸಿದ ಅಂಗಳ, ಜನ ತಡೆಯಲು ಕಂಬ, ಹಗ್ಗ. ಬೆಂಗಳೂರಿನಲ್ಲಿ ಇದರ ಅರ್ಥ ಒಂದೇ. ಯಾರೋ ದೊಡ್ಡ ಹೀರೊನ ಹೊಸ ಸಿನಿಮಾ ಪೋಸ್ಟರ್ ಅನಾವರಣ! ಇಡೀ ಊರಿಗೆ ಅದು ಅರ್ಥವಾಯಿತು. ಟಾಕೀಸುಗಳ ತಜ್ಞನಾದ ನನಗೊಬ್ಬನಿಗೆ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಪಂಕಜಾಳನ್ನೂ ಕರೆದುಕೊಂಡು ಹೋದಾಗ ಅಲ್ಲಿ ತಮಟೆ ಬಾರಿಸುತ್ತಿದ್ದರು.

"ಯಾರ್ದೋ ಮೆರವಣಿಗೆ ಇರ್ಬೇಕು, ದಾಟಿಹೋಗುತ್ತೆ" ಎಂದೆ.

ಅದು ದಾಟಿಹೋಗಲಿಲ್ಲ. ನನ್ನ ಬೆಡ್‌ಶೀಟಿನ ಮುಂದೆಯೇ ನಿಂತಿತ್ತು. ಕೆಂಪು ಹಳದಿ ಶಾಲು ಹೊದ್ದವರು ಹಾಲಿನ ಪ್ಯಾಕೆಟುಗಳ ಕ್ರೇಟ್ ಇಳಿಸುತ್ತಿದ್ದರು. ಹಲಸೂರಿನ ತಮಿಳು ಹುಡುಗರು ಆಳೆತ್ತರದ ಹೂವಿನ ಹಾರ ತಂದಿದ್ದರು. ಶಿವಾಜಿನಗರದ ಹಿಂದಿ ಸಿನಿಮಾ ಅಭಿಮಾನಿಗಳು ಪಟಾಕಿ ಸರ ಬಿಚ್ಚುತ್ತಿದ್ದರು. ಕೆ.ಆರ್.ಪುರದ ತೆಲುಗು ಅಭಿಮಾನಿಗಳು ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂದು, ತಡವಾದ ಸಿಟ್ಟನ್ನು ಎಲ್ಲರ ಮೇಲೂ ತೀರಿಸಿಕೊಳ್ಳುತ್ತಿದ್ದರು. ಬಟ್ಟೆಯ ಹಿಂದೆ ಇರುವುದು ತಮ್ಮ ಹೀರೊನೇ ಎಂದು ನಾಲ್ಕೂ ಗುಂಪಿನವರಿಗೆ ಖಚಿತವಾಗಿ ಗೊತ್ತಿತ್ತು.

ಅದರ ಹಿಂದೆ ಯಾರಿದ್ದಾರೆಂದು ಗೊತ್ತಿದ್ದವರು ನಾವು ಮೂವರೇ.

ಏಳುಮಲೈಯನ್ನು ಹಿಡಿದುಕೊಂಡೆ. "ಏನಿಲ್ಲ ಅಂತ ಹೇಳಿ ಕಳಿಸ್ಬಾರ್ದಾ?"

"ಹೆಂಗೆ ಸಾರ್ ಹೇಳ್ಲಿ? ಎಷ್ಟು ವರ್ಷ ಆಯ್ತು ಈ ಗೇಟ್ ಹತ್ರ ನಿಂತ್ಕೊಂಡು ಯಾರಾದ್ರೂ 'ಅಣ್ಣಾ, ಯಾವ ಪಿಚ್ಚರ್' ಅಂತ ಕೇಳಿ! ನಿನ್ನೆ ರಾತ್ರಿಯಿಂದ ಕೇಳ್ತಾವ್ರೆ. ನಾನು ಸಸ್ಪೆನ್ಸ್ ಅಂದ್ಬಿಟ್ಟೆ."

ಅವನ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಆದರೆ ನಾನು ಹಿಂಜರಿಯುವ ಮನುಷ್ಯನಲ್ಲ. ಎದುರಿನ ಬೇಕರಿಯ ಮೆಟ್ಟಿಲ ಮೇಲೆ ಟ್ರೈಪಾಡ್ ಇಟ್ಟು ಕ್ಯಾಮೆರಾ ಕೂಡಿಸಿದೆ. ಬಿಸಿಲು ಇಳಿಯುತ್ತ ನವಿಲುಗಳ ಮೇಲೆ ಬರುತ್ತಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಬರೀ ಕೈಗಳು, ಹೆಗಲ ಮೇಲೆ ಕೂತವರ ಬೆನ್ನುಗಳು.

"ನಡೀರಿ, ಮನೆಗೆ ಹೋಗೋಣ" ಎಂದಳು ಪಂಕಜಾ.

"ನಾಳೆ ಸೋಮವಾರ. ಫೋಟೊ ಇಲ್ದಿದ್ರೆ ನವಿಲು ಹೋಯ್ತು. ನಾನು ಬರಲ್ಲ!"

"ಅವು ನವಿಲುಗಳು ರೀ, ನಿಮ್ಮ ಹೆಣ್ಣುಮಕ್ಕಳಲ್ಲ!"

ನಾನು ಜನರ ನಡುವೆ ತೂರಿಕೊಂಡು ಹೋದೆ. ಬೋರ್ಡಿನ ಕೆಳಗೆ ಹೋಗಿ ಏಣಿಯ ಮೇಲೆ ಅರ್ಧ ಹತ್ತಿ ನಿಂತು, ಎರಡೂ ಕೈ ಜೋಡಿಸಿ, ಭಾಷಣಕ್ಕೆ ತಕ್ಕ ಕನ್ನಡದಲ್ಲಿ ಆರಂಭಿಸಿದೆ.

"ಮಹನೀಯರೇ! ದಯವಿಟ್ಟು ಗಮನಿಸಿ! ಈ ಬಟ್ಟೆಯ ಹಿಂದೆ ಯಾರೂ ಇಲ್ಲ!"

ಭಾರಿ ಚಪ್ಪಾಳೆ ಬಿತ್ತು.

"ಪ್ರೊಡ್ಯೂಸರ್ ಇವ್ರೇ ಮಗಾ! ಎಷ್ಟು ಸಿಂಪಲ್ ನೋಡು!"

"ಸೀಕ್ರೆಟ್ ಮೇಂಟೇನ್ ಮಾಡ್ತಾವ್ರೆ ಗುರು!"

"ಸಾರ್, ನಮ್ಮ ಬಾಸ್ ತಾನೇ? ತಲೆಯಾಡ್ಸಿ ಸಾಕು!"

ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಮೂಲೆಯವರು ಧಿಕ್ಕಾರ ಕೂಗಿದರು, ಉಳಿದ ಮೂರು ಮೂಲೆಯವರು ಜೈಕಾರ ಹಾಕಿದರು. ಹೀಗೆ ಒಬ್ಬೊಬ್ಬರಿಗೂ ತಲೆಯಾಡಿಸಿ ನಾಲ್ಕೂ ಭಾಷೆಯವರ ವೈರ ಕಟ್ಟಿಕೊಂಡೆ. ಕೊನೆಗೆ ಆ ನಾಲ್ಕೂ ಗುಂಪಿನವರು ಜೀವನದಲ್ಲಿ ಮೊದಲ ಬಾರಿಗೆ ಒಂದಾದರು. "ಎಳೀರೋ ಹಗ್ಗ!"

ಹಗ್ಗವನ್ನು ಯಾರು ಎಳೆದರೆಂದು ನಾನು ನೋಡಲಿಲ್ಲ. ನೋಡದ್ದನ್ನು ಹೇಳುವುದಿಲ್ಲ. ಗಂಟು ಮಾತ್ರ ನಾನು ಯೋಜಿಸಿದ್ದಂತೆಯೇ ಬಿಚ್ಚಿಕೊಂಡಿತು. ನನ್ನ ಯೋಜನೆಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ. ತವರಿನ ಬೆಡ್‌ಶೀಟುಗಳು ಗಾಳಿಯಲ್ಲಿ ತೇಲಿ ಕೆಳಗಿಳಿದವು. ಅದೇ ಗಳಿಗೆಯಲ್ಲಿ ಮೇಲಿನ ಸಜ್ಜೆಯಲ್ಲಿ ಕಾದು ಕುಳಿತಿದ್ದವರು ಕ್ರೇಟುಗಟ್ಟಲೆ ಹಾಲು ಸುರಿದರು. ತಮಟೆ, ಪಟಾಕಿ, ಸಿಳ್ಳೆ. ಹಾಲೆಲ್ಲ ಬೋರ್ಡಿನ ಮೇಲಿಂದ ಹರಿದು, ಅದರ ಕೆಳಗೆ ಕೈಮುಗಿದು ನಿಂತಿದ್ದ ನನ್ನ ನೆತ್ತಿಯ ಮೇಲೆ ಇಳಿಯಿತು. ನೂರಾರು ಫೋನುಗಳು ಮಿಂಚಿದವು.

ಆಮೇಲೆ ಮೌನ.

ಆ ಮೌನದಲ್ಲಿ ಯಾರೋ ಒಬ್ಬ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ. "ಮೂ…ಲ…ವ್ಯಾ…ಧಿ…ಗೆ."

"ಇದ್ಯಾವ ಹೀರೊ ಗುರು?" ಎಂದ ಇನ್ನೊಬ್ಬ.

ಮೊದಲು ನಕ್ಕವರು ತೆಲುಗಿನವರೋ ತಮಿಳಿನವರೋ ತಿಳಿಯದು. ಹೊಡೆತ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದ್ದೆ. ಹೊಡೆಯಲು ಅವರಿಗೆ ಕೈಯೇ ಬರಲಿಲ್ಲ. ಹೊಟ್ಟೆ ಹಿಡಿದುಕೊಳ್ಳಲು ಎರಡೂ ಕೈ ಬೇಕಾಗಿತ್ತು! ತಂದಿದ್ದ ಹಾರ ವಾಪಸು ಒಯ್ಯುವುದು ಅಪಶಕುನವೆಂದು ಅದನ್ನು ನನಗೇ ಹಾಕಿ ಹೋದರು. ಎಲ್ಲರೂ ಚದುರಿ, ನಾನು ಕಣ್ಣಿನ ಹಾಲು ಒರೆಸಿಕೊಂಡು ಕ್ಯಾಮೆರಾ ಮುಟ್ಟುವ ಹೊತ್ತಿಗೆ ನವಿಲುಗಳ ಮೇಲಿನ ಬಿಸಿಲು ಹೋಗಿತ್ತು. ಬೆಡ್‌ಶೀಟುಗಳ ಮೇಲೆ ಚಪ್ಪಲಿ ಗುರುತುಗಳಿದ್ದವು. ಪಂಕಜಾ ಅವನ್ನು ಮಡಿಸಲಿಲ್ಲ. ಉಂಡೆ ಕಟ್ಟಿ ಚೀಲಕ್ಕೆ ತುರುಕಿದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಹಾಲಿನ ವಾಸನೆಗೆ ಬೇರೆ ಯಾರೂ ಕೂರಲಿಲ್ಲ.

ಸೋಮವಾರ ಬರಿಗೈಯಲ್ಲಿ ಕರೀಂ ಸಾಹೇಬರ ಮನೆಗೆ ಹೋದೆ. ಪಂಕಜಾ ಜೊತೆಗೆ ಬಂದಳು, ನಾನು ಇನ್ನೇನನ್ನೂ ಒಪ್ಪಿಕೊಳ್ಳದಂತೆ ನೋಡಿಕೊಳ್ಳಲು. ಒಳಗೆ ಕಾಲಿಟ್ಟರೆ ನವಾಜ್ ಭಾಯ್ ಫೋನ್ ಹಿಡಿದುಕೊಂಡು ಸೋಫಾದಲ್ಲಿ ಉರುಳಾಡಿ ನಗುತ್ತಿದ್ದರು.

"ಆಯಿಯೇ ಹೀರೊ ಸಾಬ್! ನಿಮ್ದೇ ಫೋಟೊ, ಎಲ್ಲಾ ಗ್ರೂಪಲ್ಲೂ ಬಂದಿದೆ!"

ಫೋನ್ ಇಸಿದುಕೊಂಡು ನೋಡಿದೆ. ಆ ಜನಜಂಗುಳಿಯಲ್ಲಿ ಯಾವನೋ ಫೋನಿನಲ್ಲಿ ತೆಗೆದ ಚಿತ್ರ. ಬಿಸಿಲು ಸರಿಯಾಗಿ ಬಿದ್ದಿತ್ತು. ಎರಡೂ ನವಿಲುಗಳ ಒಂದೊಂದು ಗರಿಯೂ ಎದ್ದು ಕಾಣುತ್ತಿತ್ತು, ಗೆರೆಗಳೆಲ್ಲ ನೇರವಾಗಿದ್ದವು. ಅಂಥ ಚಿತ್ರವನ್ನು ನಾನು ಈ ಜನ್ಮದಲ್ಲಿ ತೆಗೆದಿಲ್ಲ. ನಟ್ಟ ನಡುವೆ, ಆ ದಪ್ಪ ಅಕ್ಷರಗಳ ಕೆಳಗೆ, ಹಾಲಿನಲ್ಲಿ ನೆಂದು, ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದ ಒಬ್ಬ ಮನುಷ್ಯ. ಬಹುಕಾಲ ನರಳಿ ಅಂದೇ ಗುಣವಾದವನ ಹಾಗೆ, ಎಂಥ ನೆಮ್ಮದಿ ಅವನ ಮುಖದಲ್ಲಿ!

ಕರೀಂ ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ಸಾರ್, ಬೆಳಿಗ್ಗೆ ಆ ಡಾಕ್ಟರ್ ಬಂದಿದ್ರು. ಕೇಳ್ದೆ ಅಂಟಿಸಿದ್ದಕ್ಕೆ ಮಾಫಿ ಕೇಳಿದ್ರು. ಇನ್ಮೇಲೆ ಬೋರ್ಡಿಗೆ ತಿಂಗ್ಳು ತಿಂಗ್ಳು ಬಾಡಿಗೆ ಕೊಡ್ತಾರಂತೆ. ಆದ್ರೆ ನವಿಲು ಇರ್ಬೇಕಂತೆ. ಜನ ಅದನ್ನ ನೋಡೇ ಗುರುತು ಹಿಡೀತಾರಂತೆ."

"ಈಗ ನವಿಲು ಏನೋ ಕೊಡ್ತದೆ ಭಾಯ್. ನಂದು ಒಪ್ಪಿಗೆ ಇದೆ" ಎಂದರು ನವಾಜ್.

ನನ್ನ ಕಣ್ಣು ತುಂಬಿ ಬಂತು. "ಹಾಗಾದ್ರೆ ಉಳೀತು!" ಎಂದೆ.

"ಒಂದು ಷರತ್ತಿದೆ ಸಾರ್" ಎಂದು ಕರೀಂ ಸಾಹೇಬರು ನೆಲ ನೋಡಿದರು. "ಬೋರ್ಡಿಗೆ ಅವರಿಗೆ ಈ ಫೋಟೊನೇ ಬೇಕಂತೆ. ನಿಮ್ದು."

ಪಂಕಜಾ ನನ್ನ ಕಡೆ ತಿರುಗಿದಳು.

"ರೀ, ಯೋಚನೆ ಮಾಡಿ ಹೇಳಿ. ಮಾನ ಬೇಕೋ, ನವಿಲು ಬೇಕೋ?"

ಯೋಚನೆ ಮಾಡಿದೆ. ಮಾನ ನನ್ನ ಜೊತೆಗೇ ಹೋಗುವಂಥದ್ದು. ನವಿಲುಗಳು ಹಾಗಲ್ಲ. ಈ ಊರಿನಲ್ಲಿ ಎಷ್ಟೋ ಟಾಕೀಸುಗಳು ಹೋದವು, ಯಾರೂ ಒಂದು ಬೆಡ್‌ಶೀಟನ್ನೂ ಕಳೆದುಕೊಳ್ಳಲಿಲ್ಲ. ಒಂದಾದರೂ ಉಳಿಯಲಿ. ನಗುವವರು ನಗಲಿ, ನಗಲು ತಲೆಯೆತ್ತಿದವರಿಗೆ ನವಿಲು ಕಂಡೇ ಕಾಣುತ್ತದೆ!

"ಹಾಕ್ಕೊಳ್ಳಿ ಸಾಹೇಬ್ರೇ" ಎಂದೆ. ಈ ಸಲ ಎದೆಯ ಮೇಲೆ ಕೈ ಇಡಲಿಲ್ಲ. ಕೈ ಆಗಲೇ ಮುಖ ಮುಚ್ಚಿಕೊಂಡಿತ್ತು.

ಈಗ ಹಲಸೂರಿಗೆ ಹೋದರೆ ನೋಡಬಹುದು. ಹಿಂದೆ ಮಳಿಗೆಗಳ ಕೆಲಸ ನಡೆಯುತ್ತಿದೆ. ಮುಂದೆ ಚಂದ್ರಮಹಲಿನ ನವಿಲುಗಳು ಅಲ್ಲಾಡದೆ ಕುಳಿತಿವೆ, ಜುಟ್ಟು ಮುರಿದದ್ದೂ ಸೇರಿ. ಕೆಳಗೆ ಆಳೆತ್ತರದ ನಾನು. ಪಕ್ಕದಲ್ಲಿ ಕೆಂಪು ಅಕ್ಷರಗಳಲ್ಲಿ: "ನಾನು ಗುಣಮುಖನಾದೆ!" ನನಗೆ ಆ ಕಾಯಿಲೆ ಇಲ್ಲ, ಇರಲೂ ಇಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತಿದ್ದೇನೆ. ಯಾರೂ ನಂಬುವುದಿಲ್ಲ. ಕಾರ್ಖಾನೆಯಲ್ಲಿ ನನ್ನ ಕುರ್ಚಿಗೆ ಮೆತ್ತನೆಯ ದಿಂಬು ಬಂದಿದೆ. ಪಕ್ಕದ ಮನೆಯ ರಾಮಣ್ಣನವರು ಗೇಟಿನ ಹತ್ತಿರ ಆಚೀಚೆ ನೋಡಿ, "ಸಾರ್, ತುಂಬಾ ಪಥ್ಯ ಇರುತ್ತಾ?" ಎಂದು ಪಿಸುಗುಟ್ಟುತ್ತಾರೆ.

ಕಳೆದ ಭಾನುವಾರ ಮತ್ತೆ ಕ್ಯಾಮೆರಾ ತೆಗೆದುಕೊಂಡು ಹೋದೆ. ಬೈಕಿಲ್ಲ, ಜನರಿಲ್ಲ, ನವಿಲುಗಳ ಮೇಲೆ ಚಿನ್ನದಂಥ ಬಿಸಿಲು. ಇಷ್ಟು ದಿನ ನಾನು ಕಾದ ಫೋಟೊ ಕಣ್ಣ ಮುಂದಿತ್ತು. ಅದನ್ನು ಕೆಡಿಸುತ್ತಿದ್ದದ್ದು ಒಂದೇ ಒಂದು ವಸ್ತು. ಅದು ನಾನು!

ಮನೆಗೆ ಬಂದು ಪಂಕಜಾಳ ಹತ್ತಿರ ಇನ್ನೊಂದು ಬೆಡ್‌ಶೀಟ್ ಕೇಳಿದೆ. ಅವಳು ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.