ಜಟ್ಟಪ್ಪ ಕಳಿಸಿದ ಒಂದು ಮೊಗೆಕಾಯಿ

ತಪ್ಪೆಲ್ಲ ಒಂದೇ ಒಂದು ಮೊಗೆಕಾಯಿಯದು. ಸೌತೆಯ ಜಾತಿಯ ಆ ಕಾಯನ್ನು ಹುಳಿಗೆ ಹಾಕಿ ಉಂಡಿದ್ದರೆ ಕತೆಯೇ ಇರುತ್ತಿರಲಿಲ್ಲ. ಕಾಗಾಲದ ಜಟ್ಟಪ್ಪ ನಾಯ್ಕ ಬೆಳಬೆಳಿಗ್ಗೆ ಅದನ್ನು ಬುಟ್ಟಿಯಲ್ಲಿಟ್ಟು ಪಕ್ಕದ ಮನೆಯ ಲಿಂಗಪ್ಪ ಗೌಡನಿಗೆ ಕಳಿಸಿದ. ಗದ್ದೆ ತುಂಬ ಮೊಗೆಕಾಯಿ ಬೆಳೆಯುವ ಮನುಷ್ಯನಿಗೆ ಮೊಗೆಕಾಯಿ! ಬುದ್ಧಿ ಬೇಡವೇ?

ಕಾರಣವೇನೋ ಇತ್ತು. ಸಂಜೆ ಐದಕ್ಕೆ ಹೊನ್ನಾವರದಿಂದ ಜಟ್ಟಪ್ಪನ ಹೊಸ ಕಾರು ಬರುವುದಿತ್ತು. ಮನೆ ಹಿಂದೆ ಶೆಡ್ ಎದ್ದಿತ್ತು. ಆದರೆ ಶೆಡ್ಡಿಗೆ ಕಾರು ಹೋಗಬೇಕೆಂದರೆ ಲಿಂಗಪ್ಪನ ಅಂಗಳ ದಾಟಬೇಕು. ಇದು ಹೊಳೆದದ್ದು ಶೆಡ್ ಕಟ್ಟಿ ಮುಗಿದ ಮೇಲೆ. ಬರಿಗೈಯಲ್ಲಿ ಹೋಗಿ ದಾರಿ ಕೇಳಲು ಅವನಿಗೆ ನಾಚಿಕೆ.

ಏಳೂವರೆಗೆ ಬುಟ್ಟಿ ವಾಪಸ್ ಬಂತು. ಖಾಲಿ ಬುಟ್ಟಿ ಹಿಂದಿರುಗಿಸುವ ಪದ್ಧತಿ ಆ ಕೇರಿಯಲ್ಲಿಲ್ಲ. ಒಳಗೆ ಎರಡು ಮೊಗೆಕಾಯಿ ಇದ್ದವು.

"ಈಗ ಹೋಗಿ ದಾರಿ ಕೇಳಿ," ಅಂದಳು ಹೆಂಡತಿ ಮಾಸ್ತಮ್ಮ.

"ಹೆಂಗೆ ಕೇಳೂದು? ಅವ ಎರಡು ಕೊಟ್ಟ, ನಾ ಒಂದು ಕೊಟ್ಟೆ. ಋಣ ನಮ್ಮ ಮೇಲೇ ಬಂತಲ್ಲ! ನಾಲ್ಕು ಕೊಟ್ಟೇ ಕೇಳ್ತೆ."

ಬಳ್ಳಿಯಲ್ಲಿದ್ದ ಎರಡನ್ನೂ ಕೊಯ್ದು ನಾಲ್ಕು ಮಾಡಿಕೊಂಡು ಹೋದ. ಲಿಂಗಪ್ಪ ಗದ್ದೆಗೆ ಹೋಗಿದ್ದ. ಅರ್ಧ ಗಂಟೆಯಲ್ಲಿ ಅವನ ಹೆಂಡತಿ ಗಂಗಿ ಎಂಟು ಮೊಗೆಕಾಯಿ ಹೊತ್ತು ತಂದು ಜಗಲಿಯ ಮೇಲಿಟ್ಟಳು. "ನಮ್ಮಲ್ಲಿ ಕೊಳೀತದೆ, ತಕಳಿ," ಎಂದು ನಗುತ್ತ ಹೋದಳು.

ಜಟ್ಟಪ್ಪನ ಮಾನ ಕೆರಳಿತು. ಕೇರಿಯ ಮನೆಮನೆ ತಿರುಗಿ ಇನ್ನೂ ಎಂಟು ಕೂಡಿಸಿದ. ಕಾಲೇಜಿನಲ್ಲಿ ಗಣಿತ ಓದುವ ಮಗಳು ಚಂದನಾ ತಲೆ ಚಚ್ಚಿಕೊಂಡಳು.

"ಅಪ್ಪಾ, ಸಾಕು ಮಾಡು. ಪ್ರತಿ ಸಲ ಎರಡು ಪಟ್ಟು ಅಂದ್ರೆ ಇಪ್ಪತ್ತನೇ ಸಲಕ್ಕೆ ಐದು ಲಕ್ಷ ದಾಟ್ತದೆ. ಇಡೀ ತಾಲೂಕಲ್ಲೇ ಅಷ್ಟು ಮೊಗೆಕಾಯಿ ಇರೂದಿಲ್ಲ."

"ಒಂದರಿಂದ ಶುರುವಾದದ್ದು ಲಕ್ಷಕ್ಕೆ ಹೋಗ್ತದಾ? ಸುಮ್ನಿರು. ಇದೇ ಕೊನೇದು."

ಹದಿನಾರು ಮೊಗೆಕಾಯಿ ಹೊತ್ತು ಹೋದಾಗ ಲಿಂಗಪ್ಪ ಸಿಕ್ಕಿದ. ಜಟ್ಟಪ್ಪ ಗಂಟಲು ಸರಿಮಾಡಿಕೊಂಡ. "ಲಿಂಗಪ್ಪಾ, ನಿನ್ನ ಹತ್ರ ಒಂದು ವಿಷ್ಯ..."

"ತಡಿ ಮಾರಾಯಾ! ಇಷ್ಟೆಲ್ಲ ಕೊಟ್ಟು ನನ್ನ ಮರ್ಯಾದೆ ತೆಗೀತ್ಯಾ?" ಲಿಂಗಪ್ಪನ ಮುಖ ಕೆಂಪಾಯಿತು. ಎದುರಿಗೇ ಎರಡು ಚೀಲದಲ್ಲಿ ಮೂವತ್ತೆರಡು ತುಂಬಿ, ಒಂದನ್ನು ತಾನೇ ಹೊತ್ತು, ಇನ್ನೊಂದನ್ನು ಜಟ್ಟಪ್ಪನ ತಲೆಗೇರಿಸಿದ. ದಾರಿಯ ಮಾತು ಚೀಲದಡಿಯಲ್ಲೇ ಅಪ್ಪಚ್ಚಿಯಾಯಿತು.

ಮಧ್ಯಾಹ್ನ ಊಟ ಬಿಟ್ಟು ಜಟ್ಟಪ್ಪ ರಿಕ್ಷಾದಲ್ಲಿ ಕುಮಟಾ ಪೇಟೆಗೆ ಓಡಿದ. "ಎಂತ ಸಾವ್ಕಾರ‍್ರೆ, ಮನೇಲಿ ಮದ್ವೆಯಾ?" ಎಂದು ಕೇಳುತ್ತ ತರಕಾರಿಯವ ಮೂವತ್ತೆರಡು ಆರಿಸಿ ಕೊಟ್ಟ. ಮೂರು ಗಂಟೆಗೆ ಅರವತ್ತನಾಲ್ಕು ಮೊಗೆಕಾಯಿ ಲಿಂಗಪ್ಪನ ಅಂಗಳದಲ್ಲಿ ರಾಶಿಯಾದವು. ಆದರೆ ಲಿಂಗಪ್ಪ ಮನೆಯಲ್ಲಿಲ್ಲ, ಅವನೂ ಕುಮಟೆಗೆ ಹೋಗಿದ್ದಾನಂತೆ. ಜಟ್ಟಪ್ಪ ಅಲ್ಲೇ ಕುಸಿದು ಕೂತ.

ನಾಲ್ಕೂವರೆಗೆ ಹೊಚ್ಚ ಹೊಸ ಪಿಕಪ್ ಗಾಡಿಯೊಂದು ಬಂದು ನಿಂತಿತು. ಲಿಂಗಪ್ಪ ಇಳಿದ. ಹಿಂದೆ ನೂರಾ ಇಪ್ಪತ್ತೆಂಟು ಮೊಗೆಕಾಯಿ. ನೋಡುನೋಡುತ್ತಿದ್ದಂತೆ ಅಷ್ಟೂ ಜಟ್ಟಪ್ಪನ ಜಗಲಿ ತುಂಬಿದವು. ಮಾಸ್ತಮ್ಮನಿಗೆ ಹೊರಗೆ ಬರಲು ಬಾಗಿಲೇ ಇಲ್ಲದಂತಾಯಿತು.

"ಸೋತೆ ಮಾರಾಯಾ!" ಜಟ್ಟಪ್ಪ ಕೈಮುಗಿದ. "ನಾಚ್ಕೆ ಬಿಟ್ಟು ಕೇಳ್ತೆ. ನನ್ನ ಕಾರು ಶೆಡ್ಡಿಗೆ ಹೋಗೂಕೆ ನಿನ್ನ ಅಂಗಳದಲ್ಲಿ ದಾರಿ ಬಿಡ್ತ್ಯಾ?"

ಲಿಂಗಪ್ಪ ಹಣೆ ಬಡಿದುಕೊಂಡ. "ಅಷ್ಟೇಯಾ? ಧಾರಾಳ ಹೋಗು! ನಾನೂ ಬೆಳಿಗ್ಗಿಂದ ನಿನ್ನ ಹತ್ರ ಒಂದು ಕೇಳ್ಬೇಕು ಅಂತಿದ್ದೆ. ನೀ ಕೊಟ್ಟದ್ದಕ್ಕಿಂತ ಜಾಸ್ತಿ ಕೊಡದೆ ಬಾಯಿ ಬಿಡೂದು ಹೆಂಗೆ?"

"ಕೇಳು ಮಾರಾಯಾ, ಎಂತ ಬೇಕು?" ಸಂತೋಷದಲ್ಲಿ ಜಟ್ಟಪ್ಪನಿಗೆ ಲೋಕವನ್ನೇ ಕೊಟ್ಟುಬಿಡುವಷ್ಟು ಉಮೇದು.

"ಈ ಪಿಕಪ್ ಇವತ್ತೇ ತಕಂಡೆ. ಮಳೇಲಿ ನೆನೀದಂಗೆ ನಿಲ್ಲಿಸೂಕೆ ಜಾಗ ಇಲ್ಲ. ಮಳೆಗಾಲ ಮುಗಿಯೂ ತನಕ ನಿನ್ನ ಶೆಡ್ಡಲ್ಲಿ ಇರ್ಲಿ."

ಜಟ್ಟಪ್ಪ ಬಾಯಿ ತೆರೆದ. ಜಗಲಿಯ ಮೇಲಿನ ನೂರಾ ಇಪ್ಪತ್ತೆಂಟೂ ಅವನನ್ನೇ ನೋಡುತ್ತಿದ್ದವು.

"ಆತು," ಅಂದ.

ಪಿಕಪ್ ಲಿಂಗಪ್ಪನ ಅಂಗಳ ದಾಟಿ ಸಲೀಸಾಗಿ ಶೆಡ್ಡಿನೊಳಗೆ ಹೋಯಿತು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಹಾರ್ನ್ ಕೇಳಿಸಿತು. ಹೊನ್ನಾವರದ ಡ್ರೈವರ್ ಹೊಸ ಕಾರಿನಿಂದ ತಲೆ ಹೊರಹಾಕಿ ಕೇಳಿದ, "ಸಾರ್, ದಾರಿ ಅದ್ಯಾ? ಎಲ್ಲಿ ನಿಲ್ಲಿಸ್ಲಿ?"

"ದಾರಿ ಅದೆ," ಅಂದ ಜಟ್ಟಪ್ಪ ಸಣ್ಣ ದನಿಯಲ್ಲಿ. "ನೀ ರಸ್ತೆಯಲ್ಲೇ ನಿಲ್ಲಿಸು."