ಲದ್ದಿ ಮಾಗುವ ಹಾಗೂ ಕಡತ ಸಾಗುವ ವೇಗದ ಕುರಿತು

ಸುತ್ತೋಲೆ ಸಂಖ್ಯೆ: ತೋಟ/ಗೊಬ್ಬರ/ಹಸಿ/07
(ತಿದ್ದುಪಡಿ: 'ಹಸಿ' ಎಂಬಲ್ಲಿ 'ಮಾಗಿದ' ಎಂದು ಓದಿಕೊಳ್ಳುವುದು)

ವಿಷಯ: ಕಚೇರಿಯ ಹೂದೋಟಕ್ಕೆ ಪ್ರಾಣಿಗಳ ಗೊಬ್ಬರ ಬಳಸುವ ಬಗ್ಗೆ.

ಉಲ್ಲೇಖ: 1) ಮಾಲಿಗೆ ನೀಡಿದ ಕಾರಣ ಕೇಳುವ ನೋಟಿಸು. 2) ಮಾಲಿಯ ಮೌಖಿಕ ಉತ್ತರ. 3) ವಾಸನೆ.

ಕುದುರೆ ಲಾಯದಿಂದ ತರಿಸಿದ ಮೂರು ಗಾಡಿ ಲದ್ದಿಯನ್ನು ಅಂದೇ ಗುಲಾಬಿ ಗಿಡಗಳಿಗೆ ಹಾಕುವಂತೆ ಉಪನಿರ್ದೇಶಕರು ಆದೇಶಿಸಿದ್ದು, ಮಾಲಿಯು "ಹಸೀದು ಹಾಕಿದ್ರೆ ಬೇರು ಸುಟ್ಟೋಗುತ್ತೆ ಸಾರ್, ಆರು ತಿಂಗ್ಳು ಬಿಡಿ, ಆಮೇಲ್ ನೋಡಿ" ಎಂದು ತಿಳಿಸಿ, ರಾಶಿಯನ್ನು ಸದರಿ ಅಧಿಕಾರಿಗಳ ಕಿಟಕಿಯ ಕೆಳಗೇ ಬಿಟ್ಟಿದ್ದರು. ಆದೇಶ ಮೀರಿದ ಇವರನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂಬ ಕಡತ ಮೇಲಕ್ಕೆ ಹೋಗಿತ್ತು. ಅದು ಈಗ ಇತ್ಯರ್ಥವಾಗಿರುವುದರಿಂದ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ದನದ್ದು ಸಗಣಿ, ಕುದುರೆಯದು ಲದ್ದಿ, ಮೇಕೆಯದು ಹಿಕ್ಕೆ. ದಾಸ್ತಾನು ಪುಸ್ತಕದಲ್ಲಿ ಸಗಣಿಯ ಕಾಲಂ ಮಾತ್ರ ಇದೆಯೆಂದು ಕುದುರೆಯನ್ನು ದನವೆಂದು ನಮೂದಿಸತಕ್ಕದ್ದಲ್ಲ. ಈಗಾಗಲೇ ನಮೂದಿಸಿದ್ದಲ್ಲಿ, ಅದು ದಿನಕ್ಕೆಷ್ಟು ಹಾಲು ಕೊಡುತ್ತದೆ ಎಂಬ ದಾಸ್ತಾನು ಶಾಖೆಯ ಪ್ರಶ್ನೆಗೆ ನಗದೆ ಉತ್ತರಿಸತಕ್ಕದ್ದು.

2. ಮೂಗಿಗೆ ತಿಳಿಯುವುದು ಹಸಿ. ಮೂಗಿಗೆ ತಿಳಿಯದೆ ಕೈಯಲ್ಲಿ ಮಣ್ಣಿನಂತೆ ಉದುರುವುದು ಮಾಗಿದ್ದು. ನೆಗಡಿಯಾಗಿರುವ ನೌಕರರು ಈ ಬಗ್ಗೆ ಪ್ರಮಾಣಪತ್ರ ನೀಡುವಂತಿಲ್ಲ.

3. ಮುಂದೆ ಹಸಿ ರಾಶಿಯ ಬಳಿ ಹಾದುಹೋಗುವಾಗ ಮೂಗು ಮುಚ್ಚಿಕೊಳ್ಳಬಹುದು. ಉಪನಿರ್ದೇಶಕರು ಎದುರಾದಲ್ಲಿ ಕೈ ತೆಗೆಯತಕ್ಕದ್ದು. ತಪ್ಪು ಅರ್ಥ ಬರುವ ಸಂಭವವಿರುತ್ತದೆ.

4. "ತಲೇಲಿ ಸಗಣಿ ತುಂಬಿದ್ಯೇನ್ರೀ?" ಎಂದು ಮೇಲಧಿಕಾರಿಗಳು ಕೇಳಿದರೆ ಅದನ್ನು ದಾಸ್ತಾನು ತಪಾಸಣೆಯೆಂದು ಭಾವಿಸತಕ್ಕದ್ದಲ್ಲ. "ಇಲ್ಲ ಸಾರ್, ಲದ್ದಿ ಮಾತ್ರ ಇದೆ, ನಿಮ್ ಕಿಟಕಿ ಕೆಳಗೆ" ಎಂದು ಬೆರಳಚ್ಚುಗಾರರು ನೀಡಿದ ಉತ್ತರವನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

5. ರಾಶಿಗೆ 'ತುರ್ತು' ಚೀಟಿ ಅಂಟಿಸಿದ್ದರಿಂದ ಅದು ಬೇಗ ಮಾಗಿದ್ದಕ್ಕೆ ದಾಖಲೆಯಿಲ್ಲ. ಚೀಟಿಯನ್ನು ಎರೆಹುಳುಗಳು ವಿಲೇವಾರಿ ಮಾಡಿವೆ.

6. ಕಡತವು ಏಳು ಮೇಜು ದಾಟಿ, ಎರಡು ಬಾರಿ 'ಚರ್ಚಿಸಿ' ಎಂದು ಬರೆಸಿಕೊಂಡು, ಒಮ್ಮೆ ಕಾಣೆಯಾಗಿ, 'ಗೊಬ್ಬರವನ್ನು ಕೂಡಲೇ ಹಾಕತಕ್ಕದ್ದು' ಎಂಬ ಅಂತಿಮ ಆದೇಶದೊಂದಿಗೆ ಮರಳುವ ಹೊತ್ತಿಗೆ ಸರಿಯಾಗಿ ಆರು ತಿಂಗಳಾಗಿತ್ತು. ಮಾಲಿಯು ಆದೇಶವನ್ನು ಅಂದೇ ಪಾಲಿಸಿದರು. ಗುಲಾಬಿಗಳು ಅರಳಿವೆ. ಆದ್ದರಿಂದ ಯಾರೂ ಯಾರ ಆದೇಶವನ್ನೂ ಮೀರಿಲ್ಲವೆಂದು ತೀರ್ಮಾನಿಸಲಾಗಿದೆ.

7. ಇನ್ನು ಮುಂದೆ ಗೊಬ್ಬರದ ಕಡತಗಳನ್ನು ಈ ಇಲಾಖೆಯ ಎಂದಿನ ವೇಗದಲ್ಲೇ ನಡೆಸತಕ್ಕದ್ದು. ಚುರುಕುತನ ತೋರಿ ಬೇರು ಸುಟ್ಟಲ್ಲಿ ಸಂಬಂಧಪಟ್ಟ ಗುಮಾಸ್ತರೇ ಹೊಣೆ.

ಸಹಿ/-
ಅಧೀಕ್ಷಕಿ, ತೋಟ ಮತ್ತು ಕಡತ ಶಾಖೆ
(ಮೂರು ಬಾರಿ ಓದಿ ನೋಡಲಾಗಿದೆ)

ಪ್ರತಿಗಳು:

ಉಪನಿರ್ದೇಶಕರಿಗೆ, ಕಿಟಕಿ ತೆರೆಯಬಹುದೆಂಬ ಮಾಹಿತಿಯೊಂದಿಗೆ.

ಲಾಯದ ಮೇಲ್ವಿಚಾರಕರಿಗೆ, ಮುಂದಿನ ಮೂರು ಗಾಡಿಗಾಗಿ.

ಬೆರಳಚ್ಚುಗಾರರಿಗೆ, ಕಲಂ 4ನ್ನು ನಗುತ್ತ ಬೆರಳಚ್ಚಿಸಿದ್ದು ಗಮನಕ್ಕೆ ಬಂದಿದೆ.

ಮಾಲಿಗೆ: ನೋಟಿಸನ್ನು ಹಿಂಪಡೆಯಲಾಗಿದ್ದು, ಮೂಲ ಪ್ರತಿಯನ್ನು ಹಿಂದಿರುಗಿಸಲು ಕೋರಿದೆ. ಅದು ರಾಶಿಯಲ್ಲಿ ಸೇರಿ ಮಾಗಿಹೋಗಿದ್ದಲ್ಲಿ, ಯಾವ ಗಿಡಕ್ಕೆ ಹಾಕಲಾಗಿದೆ ಎಂದು ತಿಳಿಸಿದರೆ ಸಾಕು.