ನಕ್ಷೆ ಮಾಮ ಎಳೆದ ಗೆರೆ

ಅಳಿಸಿಹೋಗುವ ಗೆರೆ ಎಳೆಯಬೇಕೆಂದು ಹೆಂಡತಿ ಹೇಳಿದ್ದೇ ನಕ್ಷೆ ಮಾಮನಿಗೆ ನುಂಗಲಾರದ ತುತ್ತಾಯಿತು. ಕಟ್ಟಡಗಳ ನಕ್ಷೆ ಬರೆದು ಬರೆದು ನಿವೃತ್ತನಾದವನು. ಬೀದಿಯವರು ಆ ಹೆಸರಿಟ್ಟದ್ದೂ ಅದಕ್ಕೇ.

ಸಂಜೆ ಕೌದಿ ಸ್ಪರ್ಧೆ. ಹೆಂಡತಿಯ ಕೌದಿಯಲ್ಲಿ ಬಿಳಿ ಅಂಚಿನ ಹೊಲಿಗೆಯಷ್ಟೇ ಬಾಕಿ; ಅದಕ್ಕೆ ಗುರುತಿನ ಗೆರೆ ಬೇಕಿತ್ತು.

“ಕಪ್ಪು ಬಟ್ಟೆಗಾದ್ರೆ ಸೀಮೆಸುಣ್ಣ. ಇದು ಬಿಳಿ, ಈ ನೀಲಿ ಪೆನ್ನು ತಗೊಳ್ಳಿ. ಹೊಲಿದಾದ್ಮೇಲೆ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ. ಮೊದ್ಲು ಚೂರು ಬಟ್ಟೆ ಮೇಲೆ ಗೀಚಿ ನೋಡಿ.”

“ಗೀಚೋದಾ? ನಾನಾ?”

ಪಕ್ಕದ ಮನೆಯ ಟೀಚರಮ್ಮ ಕಿಟಕಿಯಿಂದಲೇ ಮೂಗು ತೂರಿಸಿದರು. “ಪೆನ್ನು ನಂಬಬೇಡಿ. ಸವೆದ ಸೋಪಿನ ಚೂರು ಸಾಕು.”

ಬಿಳಿಯ ಮೇಲೆ ಬಿಳಿ ಸೋಪು! ಮಾಮನಿಗೆ ಮೈಯೆಲ್ಲ ಉರಿಯಿತು. ಹೆಂಡತಿ ಒಳಗೆ ಹೋದದ್ದೇ ತಡ, ತನ್ನ ಹಳೆಯ ನಕ್ಷೆ ಪೆನ್ನು ಹೊರತೆಗೆದ. ಅದರ ಶಾಯಿಯೂ ನೀಲಿಯೇ. ಸ್ಕೇಲಿಟ್ಟು, ಉಸಿರು ಬಿಗಿಹಿಡಿದು, ಅಂಚಿನುದ್ದಕ್ಕೂ ಗೆರೆಯೊಳಗೆ ಗೆರೆ ಹೆಣೆದ. ಹೆಂಡತಿ, ಅವಳ ತಂಗಿ ಸೇರಿ ಸಂಜೆಯ ಹೊತ್ತಿಗೆ ಹೊಲಿದು ಮುಗಿಸಿದರು. ಒರೆಸಿದರೆ, ಒಂದು ಗೆರೆಯೂ ಹೋಗಲೊಲ್ಲದು!

“ಯಾವ ಪೆನ್ನಲ್ರೀ ಎಳೆದಿದ್ದು?”

“ನಂದು. ಕಟ್ಟಡ ಬಿದ್ರೂ ಗೆರೆ ಹೋಗಲ್ಲ ಕಣೇ!”

ಬೈಯಲೂ ಸಮಯವಿರಲಿಲ್ಲ. ಟೀಚರಮ್ಮನೂ ಸೇರಿ ಎಲ್ಲರೂ ಸ್ಪರ್ಧೆಯ ಸಭಾಂಗಣಕ್ಕೆ ಓಡಿದರು.

ತೀರ್ಪುಗಾರ್ತಿ ಕನ್ನಡಕ ಸರಿಮಾಡಿಕೊಂಡು ಬಾಗಿದರು. “ಹೊಲಿಗೆ ಮುತ್ತು ಪೋಣಿಸಿದ ಹಾಗಿದೆ. ಆದ್ರೆ ಅಂಚಿಗೆ ಪ್ರಿಂಟ್ ಬಟ್ಟೆ ಹಾಕಿದ್ದೀರಲ್ಲಮ್ಮ? ಪೂರ್ತಿ ಕೈಕೆಲಸ ಇರಬೇಕು ಅಂದಿದ್ವಿ.”

“ಅಯ್ಯೋ ಮೇಡಂ, ಅದು ಇವರು ಎಳೆದಿದ್ದು!”

“ಕೈಯಲ್ಲಿ? ಇಷ್ಟು ನೇರ?”

ಮಾಮನ ಎದೆ ಬಲೂನಿನಂತೆ ಉಬ್ಬಿತು.

“ನಾನು ನೋಡಿದೀನಿ,” ಎಂದು ಟೀಚರಮ್ಮ ಮುಂದೆ ಬಂದರು. “ಬೆಳಿಗ್ಗೆಯೆಲ್ಲ ಬಟ್ಟೆ ಮೇಲೆ ಬಗ್ಗಿಕೊಂಡೇ ಇದ್ರು. ನಿದ್ದೆ ಬಂದಿರಬೇಕು ಅಂದ್ಕೊಂಡೆ.”

ತೀರ್ಪುಗಾರ್ತಿ ಒಂದು ತುಂಡು ಬಟ್ಟೆ, ಪೆನ್ನು, ಸ್ಕೇಲು ಮುಂದಿಟ್ಟರು. “ಒಂದು ಗೆರೆ ಎಳೆದು ತೋರಿಸಿ.”

ಸಭಾಂಗಣವೇ ಸುತ್ತ ನೆರೆಯಿತು. ಮಾಮ ಸ್ಕೇಲನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದ. “ಇದೆಲ್ಲ ಯಾಕೆ!” ಎಂದವನೇ, ಬಟ್ಟೆ ಬಿಟ್ಟು ಜನರನ್ನೇ ನೋಡುತ್ತ ಠೀವಿಯಿಂದ ಕೈ ಆಡಿಸಿದ. ಗೆರೆ ಗಾಬರಿಬಿದ್ದ ಹಾವಿನಂತೆ ಅಡ್ಡಾದಿಡ್ಡಿ ಓಡಿತು.

ತೀರ್ಪುಗಾರ್ತಿ ಪಟ್ಟಿಯಿಂದ ಹೆಸರು ಹೊಡೆದುಹಾಕಿ, ಕೌದಿ ಮಡಚಿ ಹಿಂದಿರುಗಿಸಿದರು.

ಹೆಂಡತಿ ಕೌದಿಯನ್ನು ಬಗಲಲ್ಲಿಟ್ಟುಕೊಂಡು ಮನೆಯತ್ತ ಬಿರಬಿರನೆ ನಡೆದಳು. ಮಾಮನಿಗೆ ತಡೆಯಲಾಗಲಿಲ್ಲ.

“ಪ್ರಿಂಟ್ ಅಂದ್ಬಿಟ್ರಲ್ಲೇ!” ಎಂದ. ಮುಖದಲ್ಲಿ ದುಃಖದ ಸುಳಿವೇ ಇರಲಿಲ್ಲ.

ಹೆಂಡತಿ ಅಂಚಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು. “ಸುಳ್ಳು ಯಾಕೆ ಹೇಳ್ಲಿ? ಅಷ್ಟು ಚೆನ್ನಾಗಿದೆ.”

ಮಾಮನ ಮುಖ ಅರಳಿತು.

“ಅದಕ್ಕೇ,” ಎಂದಳು, “ಇನ್ಮೇಲೆ ಪ್ರಿಂಟ್ ಬಟ್ಟೆನೇ ತರ್ತೀನಿ.”